ಇಲಿಗೆ ಹೆಸರಿಡುವ ಕೆಲಸ

(ಬೆಳಗಾವಿಯಲ್ಲಿ ಸಾರ್ವಜನಿಕರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೈಯಲ್ಲಿ ಹಿಡಿದು ತೋರಿಸಿದ ವಸ್ತುಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಮಾನ್ಯರೇ,

ಕಾಡುಪ್ರಾಣಿಗಳ ಸಂಶೋಧಕರು ಎಂದು ನನ್ನನ್ನು ಪರಿಚಯಿಸಿದ ಕೂಡಲೇ ಸಭೆಯಲ್ಲಿ ಹುಲಿಯ ಕಥೆಗಾಗಿ ಒಂದು ನಿರೀಕ್ಷೆ ಮೂಡುತ್ತದೆ. ಅದನ್ನು ಮೊದಲೇ ಇಳಿಸಿಬಿಡುವುದು ಲೇಸು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟ ನನ್ನ ಕೆಲಸದಲ್ಲಿ ಕಾಡಿನ ಹುಲಿಯನ್ನು ಕಂಡದ್ದು ಎರಡೇ ಸಲ. ಎರಡು ಸಲವೂ ಅದು ನನಗೆ ಬೆನ್ನು ತೋರಿಸಿ ಹೊರಟಿತ್ತು. ನಾನು ಕೈಯಲ್ಲಿ ಹಿಡಿದದ್ದು, ಅಳೆದದ್ದು, ತೊಗಲು ಸುಲಿದು ಹತ್ತಿ ತುಂಬಿದ್ದು ಬಹುಮಟ್ಟಿಗೆ ಇಲಿಗಳನ್ನು, ಸುಂಡಿಲಿಗಳನ್ನು ಮತ್ತು ಬಾವಲಿಗಳನ್ನು. ಇದಕ್ಕಾಗಿ ನಾನು ಕ್ಷಮೆ ಕೇಳುವುದಿಲ್ಲ. ಲೋಕದಲ್ಲಿ ಇಂದು ಗುರುತಿಸಿರುವ ಸ್ತನಿಗಳ ಪ್ರಭೇದಗಳು ಸುಮಾರು 6,500. ಅವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಇಲಿ, ಅಳಿಲು, ಮುಳ್ಳುಹಂದಿಗಳಂಥ ದಂಶಕಗಳು, ಇನ್ನೊಂದು ಪಾಲು ಬಾವಲಿಗಳು. ಸ್ತನಿಗಳನ್ನು ವರ್ಗೀಕರಿಸುತ್ತೇನೆ ಎಂದು ಹೊರಟವನು ಇವೆರಡನ್ನು ಬಿಟ್ಟರೆ ಅವನ ಕೈಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ.

ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಡೋಣಿ ನದಿಯ ಸಾಲಿನ ಒಂದು ಹಳ್ಳಿಯಲ್ಲಿ. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬ ಮಾತು ನಿಮಗೆಲ್ಲ ಗೊತ್ತು. ಆ ಎರೆಹೊಲದಲ್ಲಿ ಬೇಸಿಗೆಗೆ ಬಿಡುವ ಬಿರುಕುಗಳು ಎಷ್ಟು ಆಳವೆಂದರೆ, ನಾವು ಹುಡುಗರು ಎತ್ತಿನ ಬಾರುಕೋಲನ್ನು ಇಳಿಬಿಟ್ಟು ತಳ ಮುಟ್ಟುತ್ತದೆಯೇ ಎಂದು ನೋಡುತ್ತಿದ್ದೆವು. ಆ ಬಿರುಕುಗಳಿಂದ ಸಂಜೆ ಹೊರಬರುತ್ತಿದ್ದ, ಬೂದು ಬಣ್ಣದ, ರೇಷ್ಮೆಯಂತೆ ಮೆತ್ತಗಿನ ರೋಮದ ಇಲಿಗೆ ನಮ್ಮಲ್ಲಿ ಬೇರೆ ಹೆಸರಿರಲಿಲ್ಲ. ಮನೆಯ ಇಲಿಯೂ ಇಲಿಯೇ, ಹೊಲದ ಇಲಿಯೂ ಇಲಿಯೇ. ಅವೆರಡೂ ಒಂದೇ ಅಲ್ಲವೆಂದೂ, ಹೊಲದ ಆ ಇಲಿಯನ್ನು ಲೋಕದ ವಿಜ್ಞಾನಿಗಳು ಮೊದಲು ಅರಿತದ್ದು ನಮ್ಮ ಈ ಸೀಮೆಯಿಂದಲೇ ಎಂದೂ ನಾನು ತಿಳಿದದ್ದು ಧಾರವಾಡಕ್ಕೆ ಓದಲು ಹೋದ ಮೇಲೆ, ಹಳೆಯ ಸಂಪುಟವೊಂದರ ಪುಟ ತಿರುವುತ್ತಿದ್ದಾಗ.

ಆ ಸಂಪುಟದಲ್ಲಿದ್ದದ್ದು ವಾಲ್ಟರ್ ಎಲಿಯಟ್ ಎಂಬಾತ 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ, ದಕ್ಷಿಣ ಮರಾಠಾ ಪ್ರಾಂತದ ಸ್ತನಿಗಳ ಪಟ್ಟಿ. ದಕ್ಷಿಣ ಮರಾಠಾ ಪ್ರಾಂತವೆಂದರೆ ಕಂಪನಿ ಸರ್ಕಾರದ ಬಾಯಲ್ಲಿ ಧಾರವಾಡ, ಬೆಳಗಾವಿ, ಬಾಗಲಕೋಟೆಗಳ ಈ ಕನ್ನಡ ಸೀಮೆಯೇ. ಎಲಿಯಟ್‌ನ ಹೆಸರು ನಿಮ್ಮಲ್ಲಿ ಕೆಲವರಿಗೆ ಎರಡು ಬೇರೆ ಕಾರಣಗಳಿಗಾಗಿ ಪರಿಚಿತವಾಗಿರುತ್ತದೆ. ಚಾಲುಕ್ಯರ ಇತಿಹಾಸ ಓದಿದವರಿಗೆ ಆತ ನೂರಾರು ಕನ್ನಡ ಶಾಸನಗಳ ಪ್ರತಿಗಳನ್ನು ಮಾಡಿಸಿ ಸಂಗ್ರಹಿಸಿದವನು. ಕಿತ್ತೂರಿನ ಇತಿಹಾಸ ಓದಿದವರಿಗೆ ಆತ ರಾಣಿ ಚೆನ್ನಮ್ಮನ ಸೆರೆಯಾಳು: 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಎದುರು ಸತ್ತಾಗ, ಆತನ ಕೈಕೆಳಗಿನ ಇಬ್ಬರು ತರುಣ ಅಧಿಕಾರಿಗಳಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಕಿತ್ತೂರಿನವರ ವಶವಾದರು, ಡಿಸೆಂಬರ್ ಆರಂಭದಲ್ಲಿ ಇಬ್ಬರನ್ನೂ ಜೀವಸಹಿತ ಬಿಟ್ಟುಕೊಡಲಾಯಿತು. ಆಗ ಎಲಿಯಟ್‌ಗೆ ಇಪ್ಪತ್ತೊಂದು ವರ್ಷ. ಆ ಆರು ವಾರಗಳಲ್ಲಿ ಕಿತ್ತೂರಿನವರು ಆತನನ್ನು ಬೇರೆ ರೀತಿ ನಡೆಸಿಕೊಂಡಿದ್ದರೆ ನಮ್ಮ ಹೊಲದ ಇಲಿಗಳ ಮೊದಲ ವಿವರಣೆ ಬೇರೆ ಯಾರ ಕೈಯಿಂದಲೋ, ಪ್ರಾಯಶಃ ಬಹಳ ತಡವಾಗಿ ಬರುತ್ತಿತ್ತು. ಇತಿಹಾಸಕಾರರು ಈ ಮಾತಿಗೆ ನಗಬಹುದು. ಪ್ರಾಣಿಶಾಸ್ತ್ರದವನಾದ ನನಗೆ ಅದು ಸಣ್ಣ ಸಂಗತಿಯಲ್ಲ.

ಎಲಿಯಟ್‌ನ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲ್ಯಾಟಿನ್ ಹೆಸರುಗಳಲ್ಲ, ಅವುಗಳ ಪಕ್ಕದ ಹೆಸರುಗಳು. ಪ್ರತಿ ಪ್ರಾಣಿಯ ಕೆಳಗೆ ಕನ್ನಡಿಗರು ಅದನ್ನು ಏನೆನ್ನುತ್ತಾರೆ, ಮರಾಠಿಗರು ಏನೆನ್ನುತ್ತಾರೆ, ವಡ್ಡರು ಏನೆನ್ನುತ್ತಾರೆ ಎಂದು ಆತ ಕೇಳಿ ಬರೆದಿದ್ದಾನೆ. ಕಲ್ಲು ಮಣ್ಣಿನ ಕೆಲಸದ ಜೊತೆಗೆ ಹೊಲದ ಇಲಿಗಳನ್ನು ಅಗೆದು ಹಿಡಿಯುತ್ತಿದ್ದ ವಡ್ಡರ ಸಮುದಾಯದವರಿಗೆ, ನಮ್ಮಂಥ ಒಕ್ಕಲಿನವರು ‘ಇಲಿ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದ್ದ ಪ್ರಾಣಿಗಳು ಐದಾರು ಬೇರೆ ಬೇರೆ ಹೆಸರಿನವಾಗಿದ್ದವು. ಹಿಡಿದು ತಿನ್ನುವವನಿಗೆ, ಬಿಲ ಅಗೆದು ಅದರೊಳಗಿನ ಕಾಳು ತೆಗೆಯುವವನಿಗೆ, ಯಾವುದರ ಬಿಲ ಎಷ್ಟು ಆಳ, ಯಾವುದು ಕಾಳು ಕೂಡಿಡುತ್ತದೆ, ಯಾವುದು ಕೂಡಿಡುವುದಿಲ್ಲ ಎಂಬ ಭೇದ ಗೊತ್ತಿರಲೇಬೇಕು. ವರ್ಗೀಕರಣವೆಂದರೆ ಬೇರೇನಲ್ಲ, ಉಪಯೋಗಕ್ಕೆ ಬರುವ ಭೇದವನ್ನು ಗುರುತಿಸಿ ಅದಕ್ಕೊಂದು ಹೆಸರು ಕೊಡುವುದು. ಈ ಕೆಲಸದ ಮೊದಲ ಪಾಲನ್ನು ನಮ್ಮ ಹೊಲದ ಬದುವಿನ ಮೇಲೆ ಅಕ್ಷರ ಬಾರದವರು ಮುಗಿಸಿದ್ದರು. ಎಲಿಯಟ್ ಅದನ್ನು ಬರೆದುಕೊಂಡ. ಲಂಡನ್ನಿನ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞ ಅದಕ್ಕೆ ಲ್ಯಾಟಿನ್ ತೊಡಿಸಿದ. ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಒಂದೆರಡು ಉದಾಹರಣೆಗಳನ್ನು ಹತ್ತಿರದಿಂದ ನೋಡೋಣ. ಕನ್ನಡದವರು ‘ಗುಲಂದಿ’ ಎನ್ನುತ್ತಾರೆಂದು ಎಲಿಯಟ್ ಬರೆದುಕೊಂಡ ಒಂದು ಇಲಿಯಿದೆ. ಒರಟು ರೋಮ, ಮೈಯೆಲ್ಲ ಹಳದಿ ಕಂದು ಚುಕ್ಕಿ ಬೆರೆತ ಬಣ್ಣ, ಮೈಗಿಂತ ಗಿಡ್ಡವಾದ ಬಾಲ, ಮೇಲಿನ ಮುಂಬಲ್ಲುಗಳ ಮೇಲೆ ಉದ್ದಕ್ಕೆ ಕೊರೆದಂಥ ಒಂದು ಗೀರು. ಈ ಗೀರನ್ನು ಬೆರಳಿನ ಉಗುರಿನಿಂದ ಸವರಿದರೂ ತಿಳಿಯುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಕಣ್ಣು ಮುಚ್ಚಿಸಿ ತಲೆಬುರುಡೆ ಕೊಟ್ಟು ಗುರುತು ಹಿಡಿಸುತ್ತಿದ್ದೆ. 1837ರಲ್ಲಿ, ಎಲಿಯಟ್‌ನ ಪಟ್ಟಿ ಅಚ್ಚಾಗುವ ಮೊದಲೇ, ಗ್ರೇ ಇದಕ್ಕೆ ‘ಗೊಲುಂಡ ಎಲಿಯೋಟಿ’ ಎಂದು ಹೆಸರಿಟ್ಟ. ಎರಡನೆಯ ಪದ ಎಲಿಯಟ್‌ನ ನೆನಪಿಗೆ. ಮೊದಲನೆಯ ಪದ, ಅಂದರೆ ಹತ್ತಿರದ ಪ್ರಭೇದಗಳನ್ನು ಒಟ್ಟಿಗೆ ಸೇರಿಸುವ ಕುಲದ ಹೆಸರು, ನಮ್ಮ ‘ಗುಲಂದಿ’. ಇಂದು ಟೋಕಿಯೋದಲ್ಲೋ ಪ್ಯಾರಿಸಿನಲ್ಲೋ ಒಬ್ಬ ದಂಶಕತಜ್ಞ ಆ ಕುಲದ ಹೆಸರು ಬರೆದರೆ, ತನಗೆ ಅರಿವಿಲ್ಲದೆಯೇ ಕನ್ನಡ ಪದವೊಂದನ್ನು ಬರೆಯುತ್ತಾನೆ. ಈ ಪದ ನಮ್ಮ ಹಳ್ಳಿಗಳಲ್ಲಿಯೇ ಮರೆತುಹೋಗಿದೆ ಎಂಬುದು ಬೇರೆ ಮಾತು. ನಾನು ಎಷ್ಟೋ ಊರುಗಳಲ್ಲಿ ಕೇಳಿ ನೋಡಿದ್ದೇನೆ, ಹೌದೆಂದು ತಲೆಯಾಡಿಸಿದವರು ಇಬ್ಬರೇ ಮುದುಕರು, ಅದರಲ್ಲಿ ಒಬ್ಬರು ನನ್ನ ಮನಸ್ಸು ನೋಯಬಾರದೆಂದು ಹೇಳಿದಂತಿತ್ತು.

ಗುಲಂದಿಯ ಬಗ್ಗೆ ಎಲಿಯಟ್ ಕೊಟ್ಟ ವಿವರ ಇವತ್ತಿಗೂ ನಿಲ್ಲುತ್ತದೆ. ಅದು ಬಿಲ ತೋಡುವುದಕ್ಕಿಂತ ಹೆಚ್ಚಾಗಿ ಮುಳ್ಳುಕಂಟಿಯ ನಡುವೆ ಒಣಹುಲ್ಲಿನ ಎಳೆಗಳನ್ನು ಹೆಣೆದು ಆರರಿಂದ ಒಂಬತ್ತು ಅಂಗುಲ ಅಡ್ಡಳತೆಯ ಗೂಡು ಕಟ್ಟುತ್ತದೆ. ಕಂಟಿಯ ಸುತ್ತ ಅದು ದಿನವೂ ಓಡಾಡಿ ಸವೆದ ಸಣ್ಣ ದಾರಿಗಳು ಕಾಣುತ್ತವೆ. ಬೇರೆ ಇಲಿಗಳಂತೆ ಚಂಗನೆ ನೆಗೆಯಲಾರದು. ಹೊಟ್ಟೆ ಸೀಳಿ ನೋಡಿದಾಗ ಸಿಕ್ಕಿದ್ದು ಕರಿಕೆಯ ಬೇರು. ಬಾಗಲಕೋಟೆ ಜಿಲ್ಲೆಯ ಕುರುಚಲು ಗುಡ್ಡಗಳಲ್ಲಿ ನಾನು ಕಂಡ ಗೂಡುಗಳನ್ನು ಅಳತೆಪಟ್ಟಿ ಇಟ್ಟು ಅಳೆದಾಗ ಈ ಲೆಕ್ಕಕ್ಕಿಂತ ಬಹಳ ಆಚೀಚೆ ಹೋಗಲಿಲ್ಲ.

ಇನ್ನು ನನ್ನ ಬಾಲ್ಯದ ಆ ಮೆತ್ತನೆಯ ಇಲಿ. ವಡ್ಡರು ಅದನ್ನು ‘ಮೆಟ್ಟಡ’ ಎನ್ನುತ್ತಿದ್ದರೆಂದು ಎಲಿಯಟ್ ಬರೆದ. ಆದರೆ ಗ್ರೇ ಅಚ್ಚು ಹಾಕಿಸಿದ ಹೆಸರು ‘ಮೆಲ್ಟಾಡ’. ಕೈಬರಹದ ಚೀಟಿಯಲ್ಲಿ ಎರಡು ‘ಟಿ’ ಅಕ್ಷರಗಳ ಪೈಕಿ ಒಂದರ ಅಡ್ಡಗೆರೆ ಮಾಸಿದ್ದರಿಂದ ಅದನ್ನು ‘ಎಲ್’ ಎಂದು ಓದಿಕೊಂಡಿರಬೇಕೆಂಬುದು ನನ್ನ ಊಹೆ. ಪ್ರಾಣಿಗಳ ಹೆಸರಿಡುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮೊದಲು ಅಚ್ಚಾದ ಕಾಗುಣಿತವನ್ನು ಸುಲಭವಾಗಿ ತಿದ್ದುವಂತಿಲ್ಲ. ಹೀಗಾಗಿ ಸುಮಾರು ಎರಡು ಶತಮಾನಗಳಿಂದ ಆ ಬಡ ಇಲಿ ‘ಮೆಲ್ಟಾಡ’ವಾಗಿಯೇ ಉಳಿದಿದೆ. ವಡ್ಡರ ಮನೆಮಾತು ತೆಲುಗಿನ ಒಂದು ರೂಪ, ತೆಲುಗಿನಲ್ಲಿಯೂ ನಮ್ಮಲ್ಲಿಯಂತೆ ‘ಮೆತ್ತ’ ಎಂದರೆ ಮೃದು. ಮೂಲ ಹೆಸರು ‘ಮೆತ್ತಡ’ ಎಂದಿದ್ದು, ಮೆತ್ತನೆಯ ರೋಮದ್ದು ಎಂಬ ಅರ್ಥವೇ ಅದಕ್ಕಿದ್ದಿರಬಹುದು ಎಂದು ನನಗೆ ಅನ್ನಿಸುತ್ತದೆ. ಭಾಷಾಶಾಸ್ತ್ರಜ್ಞರು ಸಭೆಯಲ್ಲಿದ್ದರೆ ದಯವಿಟ್ಟು ನನ್ನನ್ನು ತಿದ್ದಬೇಕು. ಮುಂದೆ 1911ರಲ್ಲಿ ಲಂಡನ್ನಿನ ಸ್ತನಿತಜ್ಞ ಓಲ್ಡ್‌ಫೀಲ್ಡ್ ಥಾಮಸ್ ಇದನ್ನು ಗುಲಂದಿಯ ಕುಲದಿಂದ ಬೇರ್ಪಡಿಸಿ, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲಾರ್ಡ್ ಎಂಬುವರ ಗೌರವಕ್ಕೆ ‘ಮಿಲ್ಲಾರ್ಡಿಯ’ ಎಂಬ ಹೊಸ ಕುಲವನ್ನು ಮಾಡಿದ. ಕುಲ ಬದಲಾಯಿತು, ತಪ್ಪು ಕಾಗುಣಿತ ಮಾತ್ರ ಜೊತೆಯಲ್ಲಿಯೇ ಹೋಯಿತು.

ಈ ಇಲಿಯ ವಿಷಯದಲ್ಲಿ ಎಲಿಯಟ್ ಬರೆದಿಟ್ಟ ಒಂದು ಸಂಗತಿ ನನ್ನ ಇಡೀ ಸಂಶೋಧನೆಗೆ ದಾರಿ ತೋರಿಸಿತು. ಮೆಟ್ಟಡಗಳು ಬೇಸಿಗೆಯಲ್ಲಿ ಎರೆಮಣ್ಣಿನ ಆಳವಾದ ಬಿರುಕುಗಳಲ್ಲಿ ವಾಸಿಸುತ್ತವೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಎರೆ ಉಬ್ಬಿ ಬಿರುಕುಗಳು ಮುಚ್ಚಿಕೊಂಡಾಗ ಅವುಗಳಲ್ಲಿ ಬಹುಪಾಲು ಅಲ್ಲಿಯೇ ಹೂತು ಸಾಯುತ್ತವೆ. ಪ್ರತಿವರ್ಷ ನಡೆಯುವ ಈ ಸಾವೇ ಅವುಗಳ ಸಂಖ್ಯೆಯನ್ನು ಹತೋಟಿಯಲ್ಲಿ ಇಡುತ್ತದೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು, ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಸಾಯಲಿಲ್ಲ. ಆ ವರ್ಷ ಅವು ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದವು, ಬೆಳೆ ಬಂದಾಗ ಜೋಳದ ದಂಟನ್ನು ಏರಿ ತೆನೆಯನ್ನೇ ಕತ್ತರಿಸಿ ಕೆಳಗೆ ಕೆಡವಿದವು. ಹೊಲಕ್ಕೆ ಹೊಲವೇ ಬರಿದಾಗಿ ರೈತರು ಕಂದಾಯ ಕಟ್ಟಲಾರದೆ ಹೋದರು. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಅಳೆದು ಕೊಟ್ಟು ವಡ್ಡರಿಂದ ಸಾವಿರಗಟ್ಟಲೆ ಕೊಲ್ಲಿಸಿದರೂ ಸಂಖ್ಯೆ ಕಡಿಮೆಯಾದಂತೆ ಕಾಣಲಿಲ್ಲ. ಅಂದರೆ ಬರಗಾಲದ ವರ್ಷದಲ್ಲಿ ಮಳೆಯಿಲ್ಲದ್ದಕ್ಕೆ ಒಂದು ಹೊಡೆತ, ಮಳೆಯಿಲ್ಲದ್ದರಿಂದ ಉಳಿದುಕೊಂಡ ಇಲಿಗಳಿಂದ ಇನ್ನೊಂದು ಹೊಡೆತ. 1876–78ರ ಮಹಾಕ್ಷಾಮದ ಬೆನ್ನಿಗೇ 1878–79ರ ಸುಗ್ಗಿಯಲ್ಲಿ ದಖ್ಖಣದ ಜಿಲ್ಲೆಗಳನ್ನು ಇಲಿಯ ಹಾವಳಿ ಕಾಡಿದ್ದು ಕೂಡ ದಾಖಲೆಯಲ್ಲಿದೆ. ಮನೆಯ ಇಲಿಯನ್ನೂ ಹೊಲದ ಇಲಿಯನ್ನೂ ‘ಇಲಿ’ ಎಂದು ಒಂದೇ ಗಂಟಿಗೆ ಕಟ್ಟಿದ್ದರೆ ಈ ಕಾರ್ಯಕಾರಣ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮನೆಯ ಇಲಿ ಬಿರುಕಿನಲ್ಲಿ ಇರುವುದಿಲ್ಲ, ಮಳೆಗೆ ಸಾಯುವುದೂ ಇಲ್ಲ. ಹೆಸರಿಡುವ ಕೆಲಸದಿಂದ ಪ್ರಯೋಜನವೇನು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೊಂದೇ.

ಕೆಲಸ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಹೇಳುತ್ತೇನೆ. ಸಂಜೆ ಹೊಲದ ಬದುವಿನುದ್ದಕ್ಕೂ ಹತ್ತು ಹತ್ತು ಹೆಜ್ಜೆಗೊಂದರಂತೆ ತಗಡಿನ ಬೋನುಗಳನ್ನು ಇಡುತ್ತೇವೆ. ಆಮಿಷಕ್ಕೆ ಹುರಿದ ಶೇಂಗಾ ಮತ್ತು ಬೆಲ್ಲ ಕುಟ್ಟಿದ ಉಂಡೆ. (ಉಂಡೆಗಳ ಲೆಕ್ಕ ಎಂದೂ ಸರಿಹೋಗುತ್ತಿರಲಿಲ್ಲ, ಅದರಲ್ಲಿ ಇಲಿಗಳ ತಪ್ಪಿರಲಿಲ್ಲ, ವಿದ್ಯಾರ್ಥಿಗಳದು ಇತ್ತು.) ಬೆಳಗಿನ ಜಾವ, ಬಿಸಿಲೇರುವ ಮೊದಲು ಬೋನುಗಳನ್ನು ಎತ್ತಲೇಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಗಡು ಕಾದರೆ ಒಳಗಿನ ಪ್ರಾಣಿ ಸಾಯುತ್ತದೆ, ಸತ್ತ ಸ್ವಲ್ಪ ಹೊತ್ತಿಗೇ ಹೊಟ್ಟೆಯ ರೋಮ ಉದುರಲು ತೊಡಗಿ ತೊಗಲು ಕೆಲಸಕ್ಕೆ ಬಾರದಾಗುತ್ತದೆ. ಹಿಡಿದ ಪ್ರತಿಯೊಂದಕ್ಕೂ ನಾಲ್ಕು ಅಳತೆ: ಮೂತಿಯ ತುದಿಯಿಂದ ಬಾಲದ ಬುಡದವರೆಗೆ, ಬಾಲ, ಹಿಂಗಾಲಿನ ಪಾದ, ಕಿವಿ. ಎಲ್ಲವೂ ಮಿಲಿಮೀಟರುಗಳಲ್ಲಿ. ಆಮೇಲೆ ಲಿಂಗ, ತೂಕ, ಪಾದದ ಅಡಿಯ ಗುಬಟುಗಳ ಸಂಖ್ಯೆ. ಹೆಚ್ಚಿನವನ್ನು ಅಳೆದು ಬಿಟ್ಟುಬಿಡುತ್ತೇವೆ. ಇಟ್ಟುಕೊಳ್ಳುವ ಕೆಲವದರ ತೊಗಲನ್ನು ಹೊಟ್ಟೆಯ ಕಡೆಯಿಂದ ಬಿಡಿಸಿ, ಒಳಬದಿಗೆ ಔಷಧ ಸವರಿ, ಹತ್ತಿ ತುಂಬಿ ಹೊಲಿದು, ತಲೆಬುರುಡೆಯನ್ನು ಬೇರೆಯಾಗಿ ಶುಚಿಮಾಡಿ ಸಣ್ಣ ಡಬ್ಬಿಯಲ್ಲಿ ಇಡುತ್ತೇವೆ. ಈಗ ನನ್ನ ಕೈಯಲ್ಲಿರುವುದು ಹಾಗೆ ಮಾಡಿದ ಒಂದು ಮೆಟ್ಟಡ. ಬಲಗಾಲಿಗೆ ಕಟ್ಟಿದ ಚೀಟಿಯನ್ನು ಓದುತ್ತೇನೆ: ‘128–118–25–20, ಹೆಣ್ಣು, ಎರೆಹೊಲ, ಜೋಳದ ಕೂಳೆ’, ಕೆಳಗೆ ಊರು ಮತ್ತು ದಿನಾಂಕ. ಇಷ್ಟನ್ನು ನೀರಿಗೆ ಕರಗದ ಮಸಿಯಲ್ಲಿ ಬರೆಯುತ್ತೇವೆ. ಪ್ರಾಣಿಯ ಹೆಸರನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಯುವ ರೂಢಿಯನ್ನು ನನ್ನ ಗುರುಗಳು ಕಲಿಸಿದರು. ಊರು, ದಿನ, ಅಳತೆ ಬದಲಾಗುವುದಿಲ್ಲ, ಹೆಸರು ಬದಲಾಗಬಹುದು.

ಪೆನ್ಸಿಲ್ಲಿನ ಬೆಲೆ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಜೋಳದ ಹೊಲಗಳಲ್ಲಿ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಚಿಟ್ಟಿಲಿ ಸಿಗುತ್ತದೆ. ಎಲಿಯಟ್‌ನ ಸಂಗ್ರಹದ ಕಾಲದಿಂದಲೂ ಅದರ ಹೆಸರು ‘ಮಸ್ ಬೂಡುಗ’. ಸಂಶೋಧನೆಯ ಮೊದಲ ಆರು ವರ್ಷ ನಾನು ಹಿಡಿದ ಎಲ್ಲ ಚಿಟ್ಟಿಲಿಗಳಿಗೂ ಆ ಹೆಸರನ್ನೇ ಬರೆದೆ, ಅದೂ ಆತ್ಮವಿಶ್ವಾಸದಿಂದ ಮಸಿಯಲ್ಲಿ. ಬೂಡುಗ ಎಂದುಕೊಂಡ ಭಾರತದ ಚಿಟ್ಟಿಲಿಗಳಲ್ಲಿ ಎರಡು ಪ್ರಭೇದಗಳು ಬೆರೆತಿವೆ ಎಂದು 1968ರಲ್ಲಿಯೇ ಯುರೋಪಿನ ಇಬ್ಬರು ವಿಜ್ಞಾನಿಗಳು ಜೀವಕೋಶದೊಳಗಿನ ವರ್ಣತಂತುಗಳನ್ನು (ಕ್ರೋಮೋಸೋಮುಗಳನ್ನು) ನೋಡಿ ತೋರಿಸಿದ್ದರು. ಎರಡರಲ್ಲೂ ವರ್ಣತಂತುಗಳ ಸಂಖ್ಯೆ 40. ಆದರೆ ಇನ್ನೊಂದರಲ್ಲಿ, ಈಗ ‘ಮಸ್ ಟೆರಿಕಲರ್’ ಎನ್ನುವುದರಲ್ಲಿ, ಎಕ್ಸ್ ವರ್ಣತಂತುವಿನ ಆಕಾರವೇ ಬೇರೆ. ಆ ಬರಹವನ್ನು ನಾನು ಓದಿದ್ದೆ. ನಮ್ಮ ಹೊಲಕ್ಕೆ ಅದು ಅನ್ವಯಿಸುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ. ಮೈಸೂರಿನ ಕಡೆಯ ಸ್ನೇಹಿತರೊಬ್ಬರು ನನ್ನ ಬೋನಿನ ಹನ್ನೆರಡು ಜೀವಂತ ಇಲಿಗಳ ವರ್ಣತಂತುಗಳನ್ನು ನೋಡಿ, ಅವುಗಳಲ್ಲಿ ಐದು ಬೂಡುಗವಲ್ಲ ಎಂದು ಪತ್ರ ಬರೆದರು. ಆರು ವರ್ಷದ ಚೀಟಿಗಳನ್ನು ಹರಡಿಕೊಂಡು ಕುಳಿತೆ. ಒಣಗಿದ ತೊಗಲಿನಿಂದ ವರ್ಣತಂತು ನೋಡಲಾಗದು. ಬುರುಡೆಗಳನ್ನು ಮತ್ತೆ ಅಳೆದು ಸಾಧ್ಯವಾದಷ್ಟನ್ನು ಬೇರ್ಪಡಿಸಿದೆ, ಉಳಿದವುಗಳ ಹೆಸರನ್ನು ಬ್ಲೇಡಿನಿಂದ ಹೆರೆದು ತೆಗೆದೆ. ಆ ಆರು ವರ್ಷಗಳ ಆಧಾರದ ಮೇಲೆ ಬರೆದು ಮುಗಿಸಿದ್ದ ಲೇಖನವೊಂದನ್ನು ಹಿಂದಕ್ಕೆ ಪಡೆದೆ.

ವರ್ಣತಂತುಗಳ ಮಾತು ಬಂದದ್ದರಿಂದ ಒಂದು ಉಪಕಥೆ. ನಮ್ಮ ಖಾನಾಪುರದ ಕಾಡಿನಲ್ಲಿ ನಾಯಿಯಂತೆ ಬೊಗಳುವ, ಕಾಡುಕುರಿ ಎಂಬ ಸಣ್ಣ ಜಿಂಕೆಯಿದೆ. ಅಲ್ಲಿಯ ಮರಾಠಿಗರು ಭೇಕರ ಎನ್ನುತ್ತಾರೆ. ಸ್ತನಿಗಳಲ್ಲೆಲ್ಲ ಅತ್ಯಂತ ಕಡಿಮೆ ವರ್ಣತಂತುಗಳಿರುವ ಪ್ರಾಣಿ ಅದೇ: ಹೆಣ್ಣಿಗೆ 6, ಗಂಡಿಗೆ 7. ಅದರ ಹತ್ತಿರದ ಬಂಧುವಾದ ಚೀನಾದ ಕಾಡುಕುರಿಗೆ 46. ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಕುರಿ ಕಾಯುವವರೂ ಒಂದೇ ಮಂದೆಗೆ ಹೊಡೆದಾರು. ಹೊರಗೆ ಕಾಣುವ ಹೋಲಿಕೆಯನ್ನು ನಂಬಬೇಕೋ ಒಳಗಿನ ಲೆಕ್ಕವನ್ನು ನಂಬಬೇಕೋ ಎಂಬ ತಕರಾರು ನಮ್ಮ ಶಾಸ್ತ್ರದಲ್ಲಿ ಇನ್ನೂ ತೀರಿಲ್ಲ. ನಮ್ಮ ಮುಸಿಯದ ಗತಿಯನ್ನೇ ನೋಡಿ: ಬಹಳ ಕಾಲ ಭಾರತದ ಮುಸಿಯಗಳೆಲ್ಲ ಒಂದೇ ಪ್ರಭೇದವೆಂದು ಬರೆದೆವು, 2001ರಲ್ಲಿ ವರ್ಗೀಕರಣತಜ್ಞ ಕಾಲಿನ್ ಗ್ರೋವ್ಸ್ ಅವನ್ನು ಏಳಾಗಿ ವ್ಯವಹರಿಸಿದ, ಆಮೇಲಿನ ಆನುವಂಶಿಕ ಅಧ್ಯಯನಗಳು ಆ ಏಳನ್ನೂ ಪೂರ್ತಿ ಒಪ್ಪಲಿಲ್ಲ. ಸವದತ್ತಿಯ ಗುಡ್ಡದಲ್ಲಿ ಭಕ್ತರ ಕೈಯ ಬಾಳೆಹಣ್ಣು ಕಿತ್ತುಕೊಳ್ಳುವ ಮುಸಿಯಕ್ಕೆ ಇದ್ಯಾವುದರ ಪರಿವೆಯೂ ಇಲ್ಲ.

ದೊಡ್ಡ ಪ್ರಾಣಿಗಳನ್ನು ಬೇಗನೆ ದಾಟುತ್ತೇನೆ. ಎಲಿಯಟ್‌ಗಿಂತ ಮೊದಲೇ, 1831ರಲ್ಲಿ, ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖಣದ ಸ್ತನಿಗಳನ್ನು ವಿವರಿಸಿದ್ದ. ನಮ್ಮ ಬಯಲುಸೀಮೆಯ ತೋಳಕ್ಕೂ ಚಿಂಕಾರವೆಂಬ ಸಣ್ಣ ಹುಲ್ಲೆಗೂ ಶಾಸ್ತ್ರೀಯ ಹೆಸರು ಬಂದದ್ದು ಆತನಿಂದ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇಂದು ಚಿಂಕಾರಗಳಿಗಾಗಿಯೇ ಒಂದು ವನ್ಯಜೀವಿಧಾಮವಿದೆ. ಚಿಗರಿ (ಕೃಷ್ಣಮೃಗ) ಬೇರೆ, ಚಿಂಕಾರ ಬೇರೆ ಎಂದು ಅಲ್ಲಿಗೆ ಹೋಗುವವರಿಗೆ ಇವತ್ತಿಗೂ ಹೇಳಬೇಕಾಗುತ್ತದೆ: ಚಿಗರಿಯಲ್ಲಿ ಗಂಡಿಗೆ ಮಾತ್ರ ಸುರುಳಿಕೊಂಬು, ಚಿಂಕಾರದಲ್ಲಿ ಹೆಣ್ಣಿಗೂ ಸಣ್ಣ ಕೊಂಬುಗಳಿರುತ್ತವೆ.

ಬೆಳಗಾವಿಯಲ್ಲಿ ನಿಂತು ಬಾವಲಿಯ ಮಾತಾಡದೆ ಹೋಗುವಂತಿಲ್ಲ. 1911ರಿಂದ ಸುಮಾರು ಹನ್ನೆರಡು ವರ್ಷ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಭಾರತ, ಬರ್ಮಾ, ಸಿಲೋನುಗಳ ಸ್ತನಿಗಳ ಸಮೀಕ್ಷೆ ನಡೆಸಿದರು. ಸಂಗ್ರಾಹಕರು ಜಿಲ್ಲೆ ಜಿಲ್ಲೆ ಸುತ್ತಿ ತೊಗಲು, ಬುರುಡೆಗಳನ್ನು ಕಳಿಸುತ್ತಿದ್ದರು; ಶಾರ್ಟ್‌ರಿಜ್ ಎಂಬಾತ ಧಾರವಾಡ, ಕಾರವಾರ ಸೀಮೆಗಳಲ್ಲಿ ಕೆಲಸ ಮಾಡಿದ. ಬಂದ ಸಾಮಗ್ರಿಯನ್ನು ಲಂಡನ್ನಿನಲ್ಲಿ ಕುಳಿತು ವಿಂಗಡಿಸಿದವರಲ್ಲಿ ಮುಖ್ಯನಾದವನು, ಮುಂಬಯಿ ಪ್ರಾಂತದ ಅರಣ್ಯ ಇಲಾಖೆಯಿಂದ ನಿವೃತ್ತನಾದ ರೋಟನ್. ಆತನ ಹೆಸರನ್ನು ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಒಂದು ಬಾವಲಿಗೆ ಇಟ್ಟ. ಖಾನಾಪುರ ತಾಲ್ಲೂಕಿನ ತಳೇವಾಡಿಯ ಹತ್ತಿರದ ಬಾರಾಪೇಡೆ ಗುಹೆಯ ಬಾವಲಿ ಅದು. ಕಪ್ಪಿಗೆ ತಿರುಗಿದ ಚಾಕೊಲೇಟು ಬಣ್ಣದ ಬೆನ್ನು, ಕುತ್ತಿಗೆಯ ಹಿಂಬದಿಗೆ ಶಾಲು ಹೊದಿಸಿದಂತೆ ಮಾಸಲು ಬಿಳುಪು, ಮೂತಿಯವರೆಗೂ ಮುಂದಕ್ಕೆ ಚಾಚಿಕೊಂಡ ಭಾರಿ ಕಿವಿಗಳು, ಹಿಂಗಾಲುಗಳ ನಡುವಿನ ಪೊರೆಯಿಂದ ಹೊರಗೆ ಬಿಡಿಯಾಗಿ ಉಳಿದ ಬಾಲ.

ಎರಡು ಸಾವಿರಕ್ಕೂ ಹೆಚ್ಚು ಸ್ತನಿಗಳಿಗೆ ಹೆಸರಿಟ್ಟ ಥಾಮಸ್‌ಗೆ ಈ ಬಾವಲಿ ಇದ್ದ ಯಾವ ಕುಲದಲ್ಲೂ ಸರಿಯಾಗಿ ಕೂರಲಿಲ್ಲ. ಅದಕ್ಕಾಗಿ ಆತ ‘ಓಟೊಮಾಪ್ಸ್’ ಎಂಬ ಹೊಸ ಕುಲವನ್ನೇ ತೆರೆದ. ಇದರ ಪರಿಣಾಮವನ್ನು ಗಮನಿಸಿ. ಇಂದು ಆ ಕುಲದಲ್ಲಿ ಆಫ್ರಿಕ, ಮಡಗಾಸ್ಕರ್, ಜಾವಾ, ನ್ಯೂಗಿನಿಗಳ ಬಾವಲಿಗಳಿವೆ. ಆದರೆ ಕುಲದ ಹೆಸರು ಕಟ್ಟಿಕೊಂಡಿರುವುದು ಬಾರಾಪೇಡೆಯ ಬಾವಲಿಗೆ. ನಾಳೆ ಯಾರಾದರೂ ಆಫ್ರಿಕದ ಬಾವಲಿಯನ್ನು ಈ ಕುಲಕ್ಕೆ ಸೇರಿಸಬೇಕೇ ಬೇಡವೇ ಎಂದು ವಾದಿಸಿದರೆ, ಖಾನಾಪುರದ ಬಾವಲಿಯ ಪಕ್ಕ ಇಟ್ಟು ನೋಡಿಯೇ ತೀರ್ಮಾನಿಸಬೇಕು. ಬಹಳ ವರ್ಷ ಇದಕ್ಕೆ ಈ ಗುಹೆಯ ಹೊರತು ಬೇರೆ ನೆಲೆಯೇ ಗೊತ್ತಿರಲಿಲ್ಲ. ಆಮೇಲೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಕಂಡುಬಂತು. ವನ್ಯಜೀವಿ ಕಾಯ್ದೆಯಲ್ಲಿ ಇಲಿಗಳೂ ಹಣ್ಣು ತಿನ್ನುವ ಬಾವಲಿಗಳೂ ದಶಕಗಳ ಕಾಲ ಉಪದ್ರವಿಗಳ ಅನುಸೂಚಿಯಲ್ಲಿ ಬಿದ್ದಿದ್ದಾಗ, ಹುಲಿಯ ಸಾಲಿನ ಮೊದಲ ಅನುಸೂಚಿಯಲ್ಲಿ ಜಾಗ ಪಡೆದ ಬಾವಲಿಗಳು ಎರಡೇ, ಅವುಗಳಲ್ಲೊಂದು ಇದು. ತಳೇವಾಡಿಯ ಆ ಕಾಡು 2011ರಿಂದ ಭೀಮಗಡ ವನ್ಯಜೀವಿಧಾಮದ ಭಾಗ. ಗುಹೆಯೊಳಗೆ ನಾನು ಹೋದದ್ದು ಅನುಮತಿ ಪಡೆದು ಎರಡು ಬಾರಿ ಮಾತ್ರ. ಉಳಿದಂತೆ ಸಂಜೆ ಗುಹೆಯಿಂದ ದೂರ ಕುಳಿತು ಹೊರಬೀಳುವುದನ್ನು ಎಣಿಸುವುದು ನನ್ನ ರೂಢಿ. ಮರಿ ಹಾಕಿದ ಕಾಲದಲ್ಲಿ ದೀಪ ಹಿಡಿದು ಒಳಗೆ ನುಗ್ಗಿದರೆ ತಾಯಂದಿರು ಬೆದರಿ ಮರಿಗಳು ನೆಲಕ್ಕೆ ಬೀಳುತ್ತವೆ. ಅಲ್ಲಿಗೆ ಹೋಗಬೇಕೆಂಬ ಆಸೆ ಈ ಸಭೆಯಲ್ಲಿ ಯಾರಿಗಾದರೂ ಹುಟ್ಟಿದ್ದರೆ ದಯಮಾಡಿ ಇಲ್ಲಿಯೇ ಬಿಟ್ಟುಬಿಡಿ.

ಮೊದಲ ಅನುಸೂಚಿಯ ಆ ಇನ್ನೊಂದು ಬಾವಲಿಯ ಕಥೆ ನಮ್ಮ ಜಿಲ್ಲೆಯದಲ್ಲ, ಆದರೂ ಹೇಳಬೇಕು. 1948ರಲ್ಲಿ ಆಂಗಸ್ ಹಟ್ಟನ್ ಎಂಬಾತ ತಮಿಳುನಾಡಿನ ಹೈವೇವೀಸ್ ಬೆಟ್ಟದಲ್ಲಿ ಒಂದು ಹಣ್ಣುಬಾವಲಿ ಹಿಡಿದು ಮುಂಬಯಿಯ ಸೊಸೈಟಿಗೆ ಕಳಿಸಿದ. ಎಲ್ಲೆಡೆ ಸಿಗುವ ಗಿಡ್ಡಮೂತಿಯ ಬಾವಲಿಯೆಂದು ಅದನ್ನು ಪೆಟ್ಟಿಗೆಯಲ್ಲಿ ಇಡಲಾಯಿತು. ಇಪ್ಪತ್ತನಾಲ್ಕು ವರ್ಷಗಳ ಮೇಲೆ ಥಾಯ್ಲೆಂಡಿನ ಕಿಟ್ಟಿ ಥೊಂಗ್ಲೊಂಗ್ಯ ಆ ಸಂಗ್ರಹ ನೋಡುವಾಗ, ಇದಕ್ಕೆ ಬಾಲವೇ ಇಲ್ಲ, ಹಲ್ಲಿನ ಜೋಡಣೆಯೂ ಬೇರೆ ಎಂದು ಕಂಡು, 1972ರಲ್ಲಿ ಹೊಸ ಕುಲ ಹೊಸ ಪ್ರಭೇದವೆಂದು ಸಾರಿ ಸಲೀಂ ಅಲಿಯವರ ಹೆಸರಿಟ್ಟ. ಚೀಟಿಯಲ್ಲಿ ಹೆಸರು ತಪ್ಪಾಗಿತ್ತು. ಊರು, ದಿನಾಂಕ ಸರಿಯಾಗಿದ್ದವು. ಅಷ್ಟು ಸಾಕಾಯಿತು.

ಹೀಗಾಗಿಯೇ ನನಗೆ ಒಂದು ನೋವು ಇಂದಿಗೂ ಮಾಸಿಲ್ಲ. ನಾನು ಕೆಲಸ ಮಾಡಿದ ಒಂದು ವಿದ್ಯಾಸಂಸ್ಥೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ರಜೆಯಲ್ಲಿ ಸುಣ್ಣ ಬಳಿಸುವಾಗ ಉಗ್ರಾಣದ ಎರಡು ಕಪಾಟುಗಳನ್ನು ಖಾಲಿ ಮಾಡಿಸಿದರು. ‘ಹಳೆಯ ಸತ್ತ ಇಲಿಗಳು’ ಎಂದು ಗುಜರಿಯವನೂ ಒಲ್ಲದ್ದರಿಂದ ಹಿತ್ತಲಲ್ಲಿ ಸುಟ್ಟರಂತೆ. ಹನ್ನೊಂದು ವರ್ಷಗಳ ಸಂಗ್ರಹದಲ್ಲಿ ಉಳಿದದ್ದು ನಾನು ಮನೆಯಲ್ಲಿ ಅಳತೆಗೆಂದು ಇಟ್ಟುಕೊಂಡಿದ್ದ ಮೂರು ಡಬ್ಬಿಗಳು. ಯಾರಲ್ಲಿಯೂ ದುರುದ್ದೇಶವಿರಲಿಲ್ಲ, ಆ ಇಲಿಗಳನ್ನು ಹಿಡಿದ ಊರುಗಳಲ್ಲಿ ಎಷ್ಟೋ ಹೊಲಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿವೆ, ಅಲ್ಲಿ ಮತ್ತೆ ಬೋನು ಇಡಲಾಗದು ಎಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಆ ಮೂರು ಡಬ್ಬಿಗಳಲ್ಲಿ ಒಂದನ್ನು ಇವತ್ತು ತಂದಿದ್ದೇನೆ. ಎಲಿಯಟ್‌ನ ಪಟ್ಟಿಯಲ್ಲಿ ‘ಕಲ್ಲಿಲಿ’ ಎಂಬ ಮುಳ್ಳುರೋಮದ ಚಿಟ್ಟಿಲಿಯಿದೆ. ಅದು ತನ್ನ ಬಿಲದ ಬಾಯನ್ನು ಸಣ್ಣ ಹರಳುಗಳಿಂದ ಮುಚ್ಚುತ್ತದೆ, ಒಳಗೂ ಹರಳುಗಳ ಹಾಸಿಗೆ ಮಾಡಿ ಅದರ ಮೇಲೆ ಕೂರುತ್ತದೆ ಎಂದು ಆತ ಬರೆದಿದ್ದಾನೆ. ಬಾದಾಮಿಯ ಕೆಂಗಲ್ಲಿನ ಗುಡ್ಡದ ಕೆಳಗೆ ಒಂದು ಬೆಳಗ್ಗೆ ಅಂಥ ಬಿಲವೊಂದನ್ನು ನಾನು ಕಂಡೆ: ಕಡಲೆಕಾಳಿನ ಗಾತ್ರದ ಹರಳುಗಳು, ಯಾರೋ ಕೂತು ಆರಿಸಿ ಒಟ್ಟಿದಂತೆ, ಬಾಯಿಗೆ ಸರಿಯಾಗಿ ಮುಚ್ಚಿಕೊಂಡಿದ್ದವು. ಸುತ್ತಲಿನಲ್ಲಿ ಹಿಡಿದ ಒಂಬತ್ತು ಇಲಿಗಳ ಬುರುಡೆಗಳು ಈ ಡಬ್ಬಿಯಲ್ಲಿವೆ. ನಮ್ಮ ಕಡೆ ಮುಳ್ಳುರೋಮದ ಚಿಟ್ಟಿಲಿಗಳು ಕನಿಷ್ಠ ಎರಡಿವೆ. 1832ರಲ್ಲಿ ಹೆಸರು ಪಡೆದ ‘ಪ್ಲಾಟಿತ್ರಿಕ್ಸ್’ ಒಂದು, ಎಲಿಯಟ್ ತಾನೇ 1839ರ ಆ ಪಟ್ಟಿಯಲ್ಲಿ ಹೆಸರಿಟ್ಟ ‘ಸ್ಯಾಕ್ಸಿಕೋಲ’ ಇನ್ನೊಂದು. ನನ್ನ ಒಂಬತ್ತರಲ್ಲಿ ಆರು ಯಾವುದೆಂದು ನಿಶ್ಚಯವಾಗಿ ಹೇಳಬಲ್ಲೆ. ಮೂರರ ಅಳತೆಗಳು ಎರಡರ ನಡುವೆ ಬೀಳುತ್ತವೆ. ಬುರುಡೆಗೆ ಅಂಟಿ ಒಣಗಿದ ಮಾಂಸದ ಚೂರಿನಿಂದ ಡಿಎನ್‌ಎ ತೆಗೆಯಬಹುದೆಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಾಳೆ. ಬರುವ ತಿಂಗಳು ಅವಳು ಬಂದು ಈ ಮೂರನ್ನು ತೆಗೆದುಕೊಂಡು ಹೋಗುತ್ತಾಳೆ. ಚೀಟಿಗಳಲ್ಲಿ ಊರು, ದಿನ, ನಾಲ್ಕು ಅಳತೆ ಇವೆ. ಹೆಸರಿನ ಜಾಗದಲ್ಲಿ ‘ಕಲ್ಲಿಲಿ’ ಎಂದಷ್ಟೇ ಬರೆದಿದ್ದೇನೆ, ಪೆನ್ಸಿಲ್ಲಿನಲ್ಲಿ.